ಮುಳ್ಳು ನಲವತ್ತಕ್ಕೆ ಬರುವವರೆಗೆ

ಚಿಹೋಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ವಾಹನ ತಪಾಸಣೆ ಕಚೇರಿಯ ಅಂಗಳದಲ್ಲಿ ಬೈಕುಗಳ ಸಾಲಿನಲ್ಲಿ ನಿಂತವಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಹಾರನ್ ಸರಿಯಿದೆಯೇ ಎಂದು ಒತ್ತಿ ನೋಡಿದಳು. ಸಾಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ತಲೆ ಬಗ್ಗಿಸಿ ಕ್ಷಮೆ ಕೇಳಿ, ಎರಡು ನಿಮಿಷದಲ್ಲಿ ಮರೆತು ಮತ್ತೆ ಒತ್ತಿದಳು.

ತಪ್ಪು ಅವಳದಲ್ಲ, ಅಪ್ಪನದು. ಹೋದ ವಾರ ಊಟಕ್ಕೆ ಕೂತಾಗ ಅಪ್ಪ ಮೀನಿನ ಮುಳ್ಳು ಬಿಡಿಸುತ್ತಲೇ ಶುರು ಮಾಡಿದ್ದ.

"ನಿನ್ನ ಆ ಪುಟ್ಟ ಗಿಟಾರು, ಉಕುಲೆಲೆ, ಎಲ್ಲಿದೆ?"

"ಮಂಚದ ಕೆಳಗೆ."

"ಬಂಡೆ ಹತ್ತೋ ಶೂ?"

"ಅದೂ ಅಲ್ಲೇ ಇರ್ಬೇಕು."

"ಮಡಕೆ ಮಾಡೋ ಕ್ಲಾಸು?"

"ಅಪ್ಪಾ, ಮಡಕೆ ಕ್ಲಾಸನ್ನ ಮಂಚದ ಕೆಳಗೆ ಇಡಕ್ಕಾಗಲ್ಲ."

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಬೈಕು ಅಪ್ಪನದೇ, ನಾನೂರು ಸಿಸಿಯದು. ಮೊಣಕಾಲು ಕೈಕೊಟ್ಟ ಮೇಲೆ ಅವನು ಅದನ್ನು ಮುಟ್ಟಿರಲಿಲ್ಲ, ಒಂದೂವರೆ ವರ್ಷದಿಂದ ಚಿಹೋನೇ ಓಡಿಸುತ್ತಿದ್ದಳು. ಅದರ ತಪಾಸಣೆಯ ಅವಧಿ ಮುಗಿಯುತ್ತ ಬಂದಿತ್ತು.

"ಶುಕ್ರವಾರ ಐದಕ್ಕೆ ಹಿರಾಬಾಯಾಶಿ-ಸಾನ್ ಟ್ರಕ್ ತರ್ತಾರೆ. ಗಾಡಿ ಅವರಿಗೆ ಬೇಕಂತೆ. ಅಷ್ಟರೊಳಗೆ ನೀನೇ ತಗೊಂಡು ಹೋಗಿ, ನಿನ್ನ ಕೈಯಾರೆ ತಪಾಸಣೆ ಪಾಸು ಮಾಡಿಸ್ಕೊಂಡು ಬಂದ್ರೆ ಗಾಡಿ ನಿಂದು. ಅಂಗಡಿಗೆ ಕೊಟ್ಟು ಮಾಡಿಸಿದ್ರೆ ಲೆಕ್ಕಕ್ಕಿಲ್ಲ."

ಇವತ್ತು ಶುಕ್ರವಾರ.

ಸಾಲು ಮುಂದೆ ಸರಿಯಿತು. ದೀಪ, ಇಂಡಿಕೇಟರ್, ಟಯರ್ ಎಲ್ಲಾ ಸಲೀಸಾಗಿ ಆಯಿತು. ಮುಂದಿನದು ವೇಗದ ಪರೀಕ್ಷೆ. ನೆಲದಲ್ಲಿ ಹೂತ ಉರುಳೆಗಳ ಮೇಲೆ ಚಕ್ರ ಇಟ್ಟು ತಿರುಗಿಸಬೇಕು, ಕಾಲಡಿಯ ಗುಂಡಿಯನ್ನು ಒತ್ತಿ ಹಿಡಿಯಬೇಕು, ಮೀಟರಿನ ಮುಳ್ಳು ನಲವತ್ತು ಮುಟ್ಟಿದೊಡನೆ ಬಿಡಬೇಕು. ಮೀಟರ್ ಹೇಳುವುದು ನಿಜವೋ ಸುಳ್ಳೋ ಎಂದು ಯಂತ್ರ ತಾಳೆ ನೋಡುತ್ತದೆ. ಎದುರಿನ ಫಲಕದಲ್ಲಿ ದುಂಡು ಗುರುತು ಬಿದ್ದರೆ ಪಾಸು, ಕಾಟು ಗುರುತು ಬಿದ್ದರೆ ಫೇಲು. ಒಂದು ದಿನಕ್ಕೆ ಮೂರು ಸಲ ಮಾತ್ರ ಒಳಗೆ ಬರಬಹುದು.

ಮುಂದಿನ ಚಕ್ರವೋ ಹಿಂದಿನದೋ ಎಂದು ಆರಿಸುವ ಗುಂಡಿ ಇತ್ತು. ಚಿಹೋ ಯೋಚಿಸಲಿಲ್ಲ. ಮೊದಲು ಅವಳ ಬಳಿ ಇದ್ದ ಪುಟ್ಟ ಬೈಕಿನಲ್ಲಿ ಮೀಟರಿನ ತಂತಿ ಮುಂದಿನ ಚಕ್ರದಿಂದ ಬರುತ್ತಿತ್ತು. 'ಮುಂದೆ' ಒತ್ತಿದಳು. ಉರುಳೆ ಗರಗರ ತಿರುಗಿತು, ಮುಂದಿನ ಚಕ್ರವೂ ತಿರುಗಿತು. ಮುಳ್ಳು ಸೊನ್ನೆಯಲ್ಲೇ ಮಲಗಿತ್ತು.

"ಏಳು, ಏಳೇ," ಎಂದು ಮೀಟರಿನ ಗಾಜಿಗೆ ಬೆರಳಿಂದ ತಟ್ಟಿದಳು.

ತಪಾಸಣಾಧಿಕಾರಿ ಹತ್ತಿರ ಬಂದ. ಕುವಾಬಾರ ಎಂಬ ಹೆಸರಿನ ಬಿಲ್ಲೆ ಹಾಕಿಕೊಂಡಿದ್ದ, ಬೋಳುತಲೆಯ, ಮೆತ್ತಗೆ ಮಾತಾಡುವ ಮನುಷ್ಯ.

"ಅಮ್ಮಾ, ಈ ಗಾಡೀಲಿ ವೇಗ ಅಳೆಯೋದು ಗೇರ್ ಬಾಕ್ಸಿಂದ. ಮುಂದಿನ ಚಕ್ರ ಎಷ್ಟು ತಿರುಗಿಸಿದ್ರೂ ಮೀಟರ್‌ಗೆ ಸುದ್ದಿನೇ ಹೋಗಲ್ಲ."

ಫಲಕದಲ್ಲಿ ಕಾಟು. ಹಿಂದೆ ನಿಂತ ಮುದುಕನೊಬ್ಬ ಕೆಮ್ಮಿದಂತೆ ನಕ್ಕ.

ಎರಡನೇ ಸಲ ಚಿಹೋ 'ಹಿಂದೆ' ಒತ್ತಿದಳು. ಗೇರ್ ಹಾಕಿ ಹಿಂದಿನ ಚಕ್ರವನ್ನು ಉರುಳೆಯ ಮೇಲೆ ಓಡಿಸಿದಳು. ಮುಳ್ಳು ಎದ್ದಿತು, ಹತ್ತು, ಇಪ್ಪತ್ತು, ನಲವತ್ತು. ಕಾಲು ಎತ್ತಿದಳು. ಬಾಯಲ್ಲಿ ಗೆದ್ದೆ ಎಂಬ ಮಾತು ಅರ್ಧ ಬಂದಿತ್ತು. ಫಲಕದಲ್ಲಿ ಮತ್ತೆ ಕಾಟು.

"ಮೀಟರ್ ಕಮ್ಮಿ ತೋರಿಸ್ತಿದೆ," ಎಂದ ಕುವಾಬಾರ. "ಅದು ನಲವತ್ತು ಅಂದಾಗ ಗಾಡಿ ನಲವತ್ತೈದರ ಮೇಲಿತ್ತು. ಸ್ಪ್ರಾಕೆಟ್ ಏನಾದ್ರೂ ಬದಲಾಯಿಸಿದ್ಯಾ?"

ಬದಲಾಯಿಸಿದ್ದಳು. ಒಂದು ವರ್ಷದ ಹಿಂದೆ, ಹೆದ್ದಾರಿಯಲ್ಲಿ ಎಂಜಿನ್ ಕಿರುಚುವುದು ಕೇಳಲಾರದೆ, ಎಂಜಿನ್ ಪಕ್ಕದಲ್ಲಿ ಚೈನನ್ನು ತಿರುಗಿಸುವ ಹಲ್ಲುಚಕ್ರವನ್ನು, ಅಂದರೆ ಮುಂದಿನ ಸ್ಪ್ರಾಕೆಟ್ಟನ್ನು ತೆಗೆದು ಎರಡು ಹಲ್ಲು ದೊಡ್ಡದನ್ನು ಹಾಕಿಸಿದ್ದಳು. ನನ್ನ ಮನಸ್ಸಂತೂ ಎಗರಾಡ್ತಾನೇ ಇರುತ್ತೆ, ಗಾಡಿಯಾದ್ರೂ ತಣ್ಣಗೆ ಓಡಲಿ ಎಂದುಕೊಂಡಿದ್ದಳು. ಗೇರ್ ಬಾಕ್ಸ್ ಅಷ್ಟೇ ತಿರುಗಿದರೂ ಹಿಂದಿನ ಚಕ್ರ ಈಗ ಹೆಚ್ಚು ತಿರುಗುತ್ತಿತ್ತು, ಮೀಟರಿಗೆ ಅದು ತಿಳಿಯುತ್ತಿರಲಿಲ್ಲ. ಹಾಕಿಕೊಟ್ಟವನು ಕಾಲೇಜಿನ ಗೆಳೆಯ ಟೆಪ್ಪೇ. ಅವನಿಗೇ ಫೋನ್ ಮಾಡಿದಳು.

"ಹಳೇ ಸ್ಪ್ರಾಕೆಟ್ ಎಲ್ಲೋ?"

"ನನ್ನ ರೂಮಲ್ಲೇ ಇದೆ. ನೂಡಲ್ಸ್ ಪಾತ್ರೆ ಇಳಿಸೋಕೆ ಅದೇ ಸಿಂಬಿ. ಯಾಕೆ?"

ಹೇಳಿದಳು. ಟೆಪ್ಪೇ ನಕ್ಕುಬಿಟ್ಟ.

"ಅಯ್ಯೋ ಪೆದ್ದಿ, ಅದಕ್ಕೆ ಸ್ಪ್ರಾಕೆಟ್ ಯಾಕೆ ಬದಲಾಯಿಸ್ಬೇಕು? ಮುಳ್ಳು ಮೂವತ್ತೈದರ ಹತ್ರ ಬಂದಾಗ್ಲೇ ಕಾಲು ಎತ್ತು, ಆಗ ಗಾಡಿ ನಿಜವಾಗ್ಲೂ ನಲವತ್ತರಲ್ಲಿರುತ್ತೆ, ಯಂತ್ರ ದುಂಡು ಕೊಡುತ್ತೆ. ಮೀಟರ್‌ನ ಬಗ್ಗಿ ನೋಡೋರು ಯಾರು? ನಮ್ಮ ಕ್ಲಬ್ಬಲ್ಲಿ ಅರ್ಧ ಜನ ಹಂಗೇ ಪಾಸ್ ಆಗಿರೋದು."

ಚಿಹೋಗೆ ಅದು ತಟ್ಟನೆ ಹಿಡಿಸಿತು. ಹೆಲ್ಮೆಟ್ ಹಾಕಿಕೊಂಡೇಬಿಟ್ಟಳು. ಎಂಜಿನ್ ಶುರು ಮಾಡುವಷ್ಟರಲ್ಲಿ ವಸಂತಕಾಲದ ಒಂದು ಮಧ್ಯಾಹ್ನ ನೆನಪಾಗಿ ಕೈ ಅಲ್ಲೇ ನಿಂತಿತು. ಸರೋವರದ ದಂಡೆಯ ರಸ್ತೆಯಲ್ಲಿ ಪೊಲೀಸಪ್ಪ ವೇಗದ ಮಿತಿ ಮೀರಿದ್ದೀ ಎಂದು ಅವಳನ್ನು ಅಡ್ಡಗಟ್ಟಿದ್ದ. ಅವಳು ಅರ್ಧ ಗಂಟೆ ವಾದ ಮಾಡಿದ್ದಳು. ನಿಮ್ಮ ಯಂತ್ರ ಕೆಟ್ಟಿದೆ, ನನ್ನ ಮೀಟರ್ ಐವತ್ತು ತೋರಿಸ್ತಿತ್ತು, ನನ್ನ ಕಣ್ಣು ನೆಟ್ಟಗಿದೆ, ನಿಮ್ಮದು ತೋರಿಸಿಕೊಳ್ಳಿ. ಮನೆಗೆ ಬಂದು ಅಪ್ಪನ ಮುಂದೆ ಕಣ್ಣೀರು ಹಾಕಿದ್ದಳು. ಅಪ್ಪ ನಂಬಿದವನಂತೆ ತಲೆಯಾಡಿಸಿದ್ದ.

"ಟೆಪ್ಪೇ."

"ಹೂಂ."

"ಒಂದು ವರ್ಷದಿಂದ ಈ ಮೀಟರ್ ನನಗೇ ಸುಳ್ಳು ಹೇಳಿದೆ ಕಣೋ. ಪೊಲೀಸಪ್ಪ ಸರಿ ಇದ್ದ."

"ಸರಿ, ಹೂ ಕಳಿಸು ಅವನಿಗೆ. ಈಗ ಕಾಲು ಎತ್ತು, ಮನೆಗೆ ಹೋಗು."

"ಅಪ್ಪ ಹೆಂಗೆ ಪಾಸಾಯ್ತು ಅಂತ ಕೇಳ್ತಾನೆ. ಸುಳ್ಳು ಹೇಳಿದ್ರೆ ನನ್ನ ಕಿವಿ ಕೆಂಪಾಗುತ್ತೆ, ಮನೆಮಂದಿಗೆಲ್ಲ ಗೊತ್ತು. ನೀನು ಸಿಂಬಿ ತಗೊಂಡು ಬಾ. ಓಡಿ ಬಾ. ಕೊನೇ ಸರದಿ ಮುಚ್ಚೋದ್ರೊಳಗೆ ಬಾ."

ಅವನು ಬರುವವರೆಗೆ ಚಿಹೋ ಅಂಗಳದ ಉದ್ದಕ್ಕೂ ನಡೆದಳು. ಡಬ್ಬಿ ಕಾಫಿ ಕೊಂಡು ಕುಡಿಯದೆ ಎಲ್ಲೋ ಇಟ್ಟಳು, ಇನ್ನೊಂದು ಕೊಂಡಳು. ಅಂಗಳದಲ್ಲಿ ಗಾಡಿ ಬಿಚ್ಚುವಂತಿಲ್ಲ ಎಂದು ದೊಡ್ಡ ಬೋರ್ಡಿತ್ತು. ಎದುರು ರಸ್ತೆಯಲ್ಲಿ, ತಪಾಸಣೆಗೆ ಮುಂಚೆ ದೀಪ ಸರಿಮಾಡಿಕೊಡುವ ಅಂಗಡಿಯಿತ್ತು. ಅದರ ಯಜಮಾನಿಯ ಮುಂದೆ ಸೊಂಟ ಬಗ್ಗಿಸಿ ನಿಂತಳು.

"ಸ್ವಲ್ಪ ಜಾಗ ಕೊಡ್ತೀರಾ? ಒಂದು ದೊಡ್ಡ ಪಾನಾ ಕೂಡ. ಮಾಡೋದೆಲ್ಲ ನಾನೇ, ನೀವು ಕೈ ಹಾಕ್ಬಾರ್ದು."

"ಕೈ ಹಾಕ್ಬಾರ್ದಾ? ಇಂಥ ಗಿರಾಕಿ ಇವತ್ತೇ ನೋಡಿದ್ದು," ಎಂದಳು ಆಕೆ. "ಹಿತ್ತಲಿಗೆ ಹೋಗು. ಎಣ್ಣೆ ಚೆಲ್ಲಿದ್ರೆ ಒರೆಸಿ ಹೋಗ್ಬೇಕು."

ಟೆಪ್ಪೇ ಸ್ಕೂಟರಿನಲ್ಲಿ ಬಂದ. ಸ್ಪ್ರಾಕೆಟ್ ತುಂಬ ಸೋಯಾ ಸಾರಿನ ಕಲೆ. ನಟ್ಟು ಬಿಚ್ಚಲು ಹೋದರೆ ಚಕ್ರವೇ ತಿರುಗುತ್ತಿತ್ತು.

"ಬ್ರೇಕ್ ಮೇಲೆ ನಿಂತ್ಕೋ," ಎಂದಳು ಚಿಹೋ.

"ನಿಂತಿದ್ದೀನಿ."

"ನಿಂತಿದ್ದೀಯೋ ಒರಗಿದ್ದೀಯೋ? ಭಾರ ಹಾಕೋ, ದಿನಾ ನೂಡಲ್ಸ್ ತಿಂದಿದ್ದು ಎಲ್ಲಿ ಹೋಯ್ತು?"

"ಕೊಡು ಇತ್ಲಾಗೆ, ನಾನು ಬಿಚ್ತೀನಿ."

"ಮುಟ್ಟಿದ್ರೆ ನೋಡು! ನನ್ನ ಕೈಯಾರೆ ಆಗ್ಬೇಕು."

ಪಾನಾದ ಹಿಡಿಗೆ ಎರಡೂ ಕೈ ಕೊಟ್ಟು ಜೋತುಬಿದ್ದಳು. ನಟ್ಟು ಟಕ್ ಎಂದಿತು, ಅವಳು ಹಿಂದಕ್ಕೆ ಕೂತಳು. ದೊಡ್ಡ ಸ್ಪ್ರಾಕೆಟ್ ಬಂತು, ಚಿಕ್ಕದು ಹೋಯಿತು. ಹಲ್ಲು ಕಮ್ಮಿಯಾದ್ದರಿಂದ ಚೈನ್ ಒಣಹಾಕಿದ ಹಗ್ಗದಂತೆ ಜೋಲಿತು. ಹಿಂದಿನ ಚಕ್ರದ ಆ್ಯಕ್ಸಲ್ ಸಡಿಲಿಸಿ, ಹಿಂದಕ್ಕೆ ಎಳೆದು, ಮತ್ತೆ ಬಿಗಿದಳು. ಕಚೇರಿಯ ಧ್ವನಿವರ್ಧಕ ಕೊನೆಯ ಸರದಿ ಎಂದು ಕೂಗುತ್ತಿತ್ತು. ಕೈ ಒರೆಸಿಕೊಳ್ಳಲೂ ಇಲ್ಲ, ಓಡಿಸಿದಳು. ನೆಲ ಒರೆಸುವ ಕೆಲಸ ಟೆಪ್ಪೇಯ ಪಾಲಿಗೆ ಬಂತು.

ಸಾಲಿನಲ್ಲಿ ಅವಳೇ ಕೊನೆಯವಳು. 'ಹಿಂದೆ' ಒತ್ತಿದಳು. ಕಾಲಡಿಯ ಗುಂಡಿ ಹಿಡಿದಳು. ಈ ಸಲ ಕುವಾಬಾರ ಪಕ್ಕದಲ್ಲೇ ನಿಂತಿದ್ದ.

ಮುಳ್ಳು ಮೂವತ್ತೈದಕ್ಕೆ ಬಂತು. ಕಾಲು ತಾನಾಗಿಯೇ ಏಳಲು ನೋಡಿತು. ಹುಟ್ಟಿದಾಗಿನಿಂದ ಅದು ಹಾಗೆಯೇ, ಯಾವುದೂ ಮುಗಿಯುವ ಮೊದಲೇ ಏಳುವ ಕಾಲು. ಹಲ್ಲು ಕಚ್ಚಿ ಒತ್ತಿ ಹಿಡಿದಳು. ಮೂವತ್ತೆಂಟು. ಮುಳ್ಳು ನಡುಗಿತು, ಹಿಂದೆ ಬಂತು. ಎಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುವಿದಳು. ಮೂವತ್ತೊಂಬತ್ತು. ಮುಳ್ಳು ನಲವತ್ತರ ಗೆರೆಯ ಮೇಲೆ ಬಂದು, ಅಲುಗಾಡಿ, ನಿಂತಿತು. ಕಾಲು ಎತ್ತಿದಳು.

ದುಂಡು.

ಅವಳು ಚೀರಿದ ಚೀರಿಗೆ ಕುವಾಬಾರ ಎರಡು ಹೆಜ್ಜೆ ಹಿಂದೆ ಹೋದ. "ಇನ್ನೂ ಬ್ರೇಕ್ ಇದೆ, ಹೊಗೆ ಇದೆ," ಎಂದ, ನಗು ತಡೆಯುತ್ತ. ಅವೂ ಆದವು. ಹೊಸ ಚೀಟಿ ಕೈಗೆ ಬಂತು, ನಂಬರ್ ಪ್ಲೇಟಿನ ಮೂಲೆಗೆ ಅಂಟಿಸುವಾಗ ಬೆರಳಿನ ಮಸಿಯೂ ಅಂಟಿತು.

ಗೇಟಿನ ಹೊರಗೆ ಟೆಪ್ಪೇ ದೊಡ್ಡ ಸ್ಪ್ರಾಕೆಟ್ ಹಿಡಿದು ಕಾಯುತ್ತಿದ್ದ. "ಇದನ್ನ ಮತ್ತೆ ಹಾಕೋದಲ್ವಾ? ಎಲ್ರೂ ಗೇಟ್ ದಾಟಿದ ಕೂಡ್ಲೇ ಹಾಕೋತಾರೆ."

"ಅದರ ಮೇಲೆ ನೂಡಲ್ಸ್ ಇಳಿಸ್ಕೋ. ದೊಡ್ಡದು, ಪಾತ್ರೆ ಅಲ್ಲಾಡಲ್ಲ!"

ಮನೆಯ ದಾರಿಯಲ್ಲಿ, ಶಿಯೊಜಿರಿ ಕಣಿವೆಯ ಏರಿನಲ್ಲಿ ಎಂಜಿನ್ ಹಳೆಯ ಹಾಗೆ ಕಿರುಚಿತು. ಕಿರುಚಲಿ ಎಂದು ಬಿಟ್ಟಳು. ಮುಂದೆ ಸೌತೆಕಾಯಿ ಲಾರಿಯೊಂದು ತೆವಳುತ್ತಿತ್ತು. ಗೇರ್ ಇಳಿಸಿ ದಾಟಿದರೆ ಇನ್ನೊಂದು ಲಾರಿ. ಇಳಿಜಾರಿನಲ್ಲಿ ಸುವಾ ಸರೋವರ ಕಾಣಿಸಿತು, ಅದರ ಮೇಲಿನ ಗುಡ್ಡದಲ್ಲಿ ಮನೆ. ಮುಳ್ಳು ಈಗ ನಿಜ ಹೇಳುತ್ತಿದ್ದರಿಂದ ಜೋರಾಗಿ ಹೋಗಲೂ ಧೈರ್ಯವಿರಲಿಲ್ಲ.

ಮನೆ ಮುಂದೆ ಟ್ರಕ್ ನಿಂತಿತ್ತು. ಹಿಂಬಾಗಿಲು ತೆರೆದು ಹಲಗೆ ಇಳಿಬಿಟ್ಟಾಗಿತ್ತು. ಹಿರಾಬಾಯಾಶಿ ಗಡಿಯಾರ ನೋಡುತ್ತಿದ್ದ, ಐದಾಗಲು ಇನ್ನೆರಡು ನಿಮಿಷ ಇತ್ತು. ಅಪ್ಪ ಕೈಕಟ್ಟಿ ನಿಂತಿದ್ದ. ಚಿಹೋ ಬೈಕನ್ನು ತಿರುಗಿಸಿ ನಂಬರ್ ಪ್ಲೇಟನ್ನು ಅಪ್ಪನ ಕಡೆ ಮಾಡಿದಳು.

ಅಪ್ಪ ಬಗ್ಗಿ ಚೀಟಿ ನೋಡಿದ. ಆಮೇಲೆ ಅವಳ ಕೈ ನೋಡಿದ, ಮೊಣಕೈವರೆಗೆ ಕಪ್ಪು.

"ಹಳೇ ಸ್ಪ್ರಾಕೆಟ್ಟೇ ಹಾಕಿದ್ಯಾ?"

"ನಿನಗೆ ಗೊತ್ತಿತ್ತಾ?"

"ಶಬ್ದ ಕೇಳಿದ್ರೆ ಗೊತ್ತಾಗಲ್ವಾ? ಇಪ್ಪತ್ತು ವರ್ಷ ಓಡಿಸಿದ್ದೀನಿ."

"ಮತ್ತೆ ಯಾಕೆ ಹೇಳ್ಲಿಲ್ಲ!"

"ನೀನು ಕೇಳಿದ್ಯಾ?"

ಅಪ್ಪ ಹಿರಾಬಾಯಾಶಿಯ ಕಡೆ ತಿರುಗಿ ಸೊಂಟ ಬಗ್ಗಿಸಿದ. "ತುಂಬಾ ತೊಂದರೆ ಕೊಟ್ಟೆ. ಟೀ ಕುಡ್ಕೊಂಡು ಹೋಗಿ. ಗಾಡಿ ಕೊಡೋಕಾಗಲ್ಲ."

ಹಿರಾಬಾಯಾಶಿ ಹಲಗೆ ಎತ್ತುತ್ತ ನಿಟ್ಟುಸಿರು ಬಿಟ್ಟ. "ಶಬ್ದ ಚೆನ್ನಾಗಿದೆ ಬಿಡಿ. ಹೊಟ್ಟೆ ಉರಿಯುತ್ತೆ."

ಅವರಿಬ್ಬರೂ ಒಳಗೆ ಹೊರಟರು. ಅಪ್ಪ ಎರಡು ಹೆಜ್ಜೆ ಹೋದವನು ವಾಪಸು ಬಂದು, ಚೈನನ್ನು ಒಂದು ಬೆರಳಿಂದ ಎತ್ತಿ ನೋಡಿದ.

"ಇನ್ನೂ ಸಡಿಲ ಇದೆ."

"ಅರ್ಜೆಂಟಲ್ಲಿ ಮಾಡಿದ್ದು. ಬಿಗಿ ಮಾಡ್ಕೊಡ್ತೀಯಾ?"

ಅಪ್ಪ ಕೊಟ್ಟಿಗೆಯಿಂದ ಪಾನಾ ತಂದು ಅವಳ ಕೈಯಲ್ಲಿಟ್ಟ.

"ನಾನ್ಯಾಕೆ ಮಾಡ್ಲಿ? ನಂದೇನು ಗಾಡಿ?"

ಒಳಗಿನಿಂದ ಅಮ್ಮ ಟೀಗೆ ಕರೆದಳು. ಚಿಹೋ ಹೋಗಲಿಲ್ಲ. ಆ್ಯಕ್ಸಲ್ಲಿನ ಮುಂದೆ ಮಂಡಿಯೂರಿದ್ದಳು.