ಒಂದೇ ಸೀಟಿಗೆ ಇಬ್ಬರು

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಕಾಲ ಕಳೆದ ಕಂಡಕ್ಟರು ನಿವೃತ್ತರಾದ ಮೇಲೂ ನಿಂತೇ ಇದ್ದರು. ಹೆಂಡತಿಯ ಹೊಲಿಗೆ ಅಂಗಡಿಯಲ್ಲಿದ್ದದ್ದು ಮೂರೇ ಕುರ್ಚಿ. ಒಂದು ಕಸೂತಿ ಯಂತ್ರದ ಮುಂದೆ, ಒಂದು ಆ ಯಂತ್ರಕ್ಕೆ ತಂತಿ ಎಳೆದ ಕಂಪ್ಯೂಟರಿನ ಮುಂದೆ, ಇನ್ನೊಂದು ಗಿರಾಕಿಗಳಿಗೆ. ಗಿರಾಕಿಗಳ ಕುರ್ಚಿಯಲ್ಲಿ ಕೂತರೆ ಹೆಂಡತಿ ಕತ್ತರಿ ಕೆಳಗಿಡದೆ ಒಮ್ಮೆ ನೋಡುತ್ತಿದ್ದರು, ಅಷ್ಟು ಸಾಕಾಗುತ್ತಿತ್ತು. ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುವ ಕೆಲಸವೊಂದು ಅವರಿಗೆ ಸಿಕ್ಕಿತ್ತು. ಅದು ಮೊದಲ ವಾರವೇ ಮುಗಿದುಹೋದ್ದರಿಂದ, ಯಾರೂ ನೋಡದಾಗ ತಾವೇ ಕಲಸಿ ಮತ್ತೆ ವಿಂಗಡಿಸುತ್ತಿದ್ದರು.

ಆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಳಿಯ ಬಂದಿದ್ದ. ಕಂಪ್ಯೂಟರಿನ ವಿಷಯದಲ್ಲಿ ಮನೆಗೆಲ್ಲ ಅವನದೇ ಕೊನೆಯ ಮಾತು. ತನ್ನ ಮನೆಯ ಕಂಪ್ಯೂಟರಿನಲ್ಲಿರುವ ಮಕ್ಕಳ ಫೋಟೋಗಳೆಲ್ಲ ಅತ್ತೆಗೆ ಇಲ್ಲಿಂದಲೇ ಕಾಣುವಂತೆ ಏನೋ ಜೋಡಿಸಿಕೊಟ್ಟು ಶಹಭಾಸ್‌ಗಿರಿ ಗಿಟ್ಟಿಸಿಕೊಂಡ. ಆಮೇಲೆ ಅತ್ತೆ ಚೀಲದಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಪರದೆಯ ಮೇಲೆ ಅದು ಕಾಣಿಸಲೇ ಇಲ್ಲ.

ಆ ಬೆರಳುದ್ದದ ಡ್ರೈವಿನೊಳಗೆ ಅವರ ಆರು ವಾರದ ದುಡಿಮೆಯಿತ್ತು. ಹೆರಿಗೆ ವಾರ್ಡಿನ ಹಿರಿಯ ನರ್ಸಮ್ಮನಿಗೆ ಸಂಜೆ ಐದಕ್ಕೆ ಬೀಳ್ಕೊಡುಗೆ. ಅವರ ಬೀದಿಯೊಂದರಲ್ಲೇ ಆಕೆಯ ಕೈಯಲ್ಲಿ ಹುಟ್ಟಿದವರು ಅರವತ್ತೆರಡು ಜನ. ಒಬ್ಬೊಬ್ಬರ ಹೆಸರನ್ನೂ ಅವರವರ ತಾಯಿಯ ಕೈಬರಹದಲ್ಲೇ ಒಂದು ಶಾಲಿನ ಮೇಲೆ ಹೊಲಿಯಬೇಕೆಂದು ಹೆಂಡತಿ ಹಟ ಹಿಡಿದಿದ್ದರು. ಮನೆಮನೆ ತಿರುಗಿ ಬರೆಸಿಕೊಂಡು, ಒಂದೊಂದು ಅಕ್ಷರವನ್ನೂ ಯಂತ್ರಕ್ಕೆ ಅರ್ಥವಾಗುವ ಹಾಗೆ ತಿದ್ದಿ, ಆ ಡ್ರೈವಿನಲ್ಲಿ ಮಾತ್ರ ಇಟ್ಟಿದ್ದರು. ನಲವತ್ತು ಹೆಸರು ಆಗಲೇ ಶಾಲು ಹತ್ತಿದ್ದವು. ಉಳಿದ ಇಪ್ಪತ್ತೆರಡು, ಕಂಡಕ್ಟರ ಲೆಕ್ಕದಲ್ಲಿ, ಇನ್ನೂ ನಿಲ್ದಾಣದಲ್ಲೇ ನಿಂತಿದ್ದವು. ಅದರಲ್ಲಿ ಅವರ ಸ್ವಂತ ಮಗಳದ್ದೂ ಒಂದು. ನಮ್ಮವರು ಕೊನೆಗೆ ಹತ್ತಬೇಕು ಎನ್ನುವುದು ಹೆಂಡತಿಯ ನಿಯಮ.

ಅಳಿಯ ಡ್ರೈವನ್ನು ಕಿತ್ತು ಬೇರೆ ತೂತಿಗೆ ಹಾಕಿದ. ಊದಿ ಹಾಕಿದ. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದ. ಡ್ರೈವಿನ ತಲೆಯ ಮೇಲಿನ ಹಸಿರು ದೀಪ ಮಾತ್ರ ಮಿಣುಕುತ್ತಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನೋಡೋಣವೆಂದರೆ ಅದಕ್ಕೆ ಬೀಗ.

"ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ," ಎಂದ.

"ಒಳಗಿರೋ ಹೆಸರುಗಳು?" ಎಂದರು ಅತ್ತೆ.

"ಅವು ಇರಲ್ಲ. ಅಳಿಸೋದು ಅಂತಲ್ಲ ಅತ್ತೆ, ಡ್ರೈವನ್ನ ಹೊಸದಾಗಿ ಮಾಡೋದು ಅಷ್ಟೆ."

"ಅಳಿಯ ಅಲ್ಲ, ಮಗಳ ಗಂಡ," ಎಂದರು ಅತ್ತೆ, ನಗದೆ. "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ? ಇಪ್ಪತ್ತೆರಡು ಜನ ತಾಯಂದಿರಿಗೆ ನಾನು ಹೇಗೆ ಮುಖ ತೋರಿಸ್ಲಿ?"

ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಹಾಗೆ ಒಡೆದದ್ದನ್ನು ಕಂಡಕ್ಟರು ಕೇಳಿ ವರ್ಷಗಳೇ ಆಗಿದ್ದವು. ಅವರಿಗೆ ನಿಜಕ್ಕೂ ಸಂಕಟವಾಯಿತು. ಗುಂಡಿಗಳನ್ನು ಡಬ್ಬಿಗೆ ಸುರಿದು ಪರದೆಯ ಹತ್ತಿರ ಬಂದರು. ಕಂಪ್ಯೂಟರಿನ ಗಂಧಗಾಳಿ ಅವರಿಗಿರಲಿಲ್ಲ. ಆದರೆ ಲೆಕ್ಕ ತಪ್ಪಿದ ಬಸ್ಸಿನಲ್ಲಿ ಏನು ಮಾಡಬೇಕೆಂದು ಗೊತ್ತಿತ್ತು. ತಲೆ ಎಣಿಸಬೇಕು.

"ಒಳಗೆ ಯಾರ್ಯಾರು ಕೂತಿದ್ದಾರೆ ಅಂತ ಪಟ್ಟಿ ಇದೆಯಾ?"

ಮಾವನ ಸಮಾಧಾನಕ್ಕೆಂದು ಅಳಿಯ ಎರಡು ಪಟ್ಟಿಗಳನ್ನು ಅಕ್ಕಪಕ್ಕ ತೆರೆದ. ಎಡಗಡೆ ದಿನವೂ ಕಾಣುವ ಡ್ರೈವುಗಳು. ಬಲಗಡೆ ಕಂಪ್ಯೂಟರಿಗೆ ನಿಜವಾಗಿ ತಗಲಿಕೊಂಡಿರುವ ಡಿಸ್ಕುಗಳು. ಕಂಡಕ್ಟರು ತೋರುಬೆರಳಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರು. ಒಂದೊಂದಕ್ಕೂ ಒಂದು ಅಕ್ಷರದ ಗುರುತು: ಎಡಗಡೆ ಸಿ, ಡಿ, ಇ. ಬಲಗಡೆಯೂ ಸಿ, ಡಿ, ಇ.

"ಲೆಕ್ಕ ಸರಿಯಾಗೇ ಇದೆಯಲ್ಲ ಮಾವ," ಎಂದ ಅಳಿಯ.

"ತಲೆ ಸರಿ ಇದೆ. ಮುಖ ನೋಡಿ. ಎಡಗಡೆ 'ಇ' ಸೀಟಲ್ಲಿ ಕೂತಿರೋದು ಯಾರು?"

"ಅದು ನಾನು ಬೆಳಿಗ್ಗೆ 'ಇ' ಅಕ್ಷರ ಕೊಟ್ಟು ಜೋಡಿಸಿದ ಫೋಟೋ ಫೋಲ್ಡರು."

"ಬಲಗಡೆ?"

ಅಳಿಯ ಕನ್ನಡಕ ಸರಿಮಾಡಿಕೊಂಡ. "ಪೆನ್‌ಡ್ರೈವ್."

"ಒಂದೇ ಸೀಟಿಗೆ ಇಬ್ಬರು," ಎಂದರು ಕಂಡಕ್ಟರು.

"ನಾನು ಹಾಕುವಾಗ ಖಾಲಿ ಇತ್ತು ಮಾವ."

"ಖಾಲಿ ಅಲ್ಲ. ಕೂತಿದ್ದೋರು ಟೀ ಕುಡಿಯೋಕೆ ಇಳಿದಿದ್ರು. ಈಗ ಫೋಟೋಗಳನ್ನ ಎಬ್ಬಿಸಿ ಹಿಂದಿನ ಸೀಟಿಗೆ ಕಳಿಸಿ."

ಅಳಿಯನ ಕಿವಿ ಕೆಂಪಾಯಿತು. ಫೋಟೋಗಳನ್ನು ತೀರಾ ಕೊನೆಯ ಅಕ್ಷರವಾದ ಝಡ್‌ಗೆ ಸಾಗಹಾಕಿ, ಡ್ರೈವನ್ನು ತೆಗೆದು ಮತ್ತೆ ಚುಚ್ಚಿದ. ಅರವತ್ತೆರಡು ಹೆಸರೂ ಸಾಲಾಗಿ ಬಂದು ನಿಂತವು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಸೂಜಿಗೆ ನೀಲಿ ದಾರ ಪೋಣಿಸಿದರು.

ಊಟದ ಹೊತ್ತಿನಲ್ಲೂ ಯಂತ್ರ ನಿಲ್ಲಲಿಲ್ಲ. ಅಳಿಯ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಹೆಸರು ಕಳಿಸಿದ. ಕಂಡಕ್ಟರು ಶಾಲಿನ ಅಂಚು ಹಿಡಿದು ನಿಂತರು. ನಾಲ್ಕೂಕಾಲಿಗೆ ಮಗಳ ಹೆಸರು ಮೂಡಿತು, ಮೂವತ್ತು ವರ್ಷದ ಹಿಂದೆ ಅದನ್ನಿಟ್ಟ ತಾಯಿಯ ದುಂಡು ಅಕ್ಷರದಲ್ಲಿ. ಕಂಡಕ್ಟರು ಶಾಲನ್ನು ಮೇಜಿನ ಮೇಲೆ ಹರಡಿ, ಈ ತುದಿಯಿಂದ ಆ ತುದಿಯವರೆಗೆ ಬೆರಳಿಟ್ಟು ಎಣಿಸಿದರು.

"ಅರವತ್ತೆರಡು. ರೈಟ್," ಎಂದರು.

ಹೆಂಡತಿ ಗಿರಾಕಿಗಳ ಕುರ್ಚಿಯನ್ನು ಎಳೆದು ತಂದು ತಮ್ಮ ಪಕ್ಕಕ್ಕಿಟ್ಟರು.

"ಕೂತ್ಕೊಳ್ಳಿ."

"ಗಿರಾಕಿ ಬಂದ್ರೆ?"

"ನಿಂತಿರ್ಲಿ," ಎಂದರು ಹೆಂಡತಿ, ದಾರ ಕತ್ತರಿಸುತ್ತಾ.