ಹಳೆಯ ಗ್ಯಾಸ್ಕೆಟ್

ಗಿರಾಕಿಗಳೆದುರು ಅಣ್ಣನಿಗೆ ತಮ್ಮ ಹಾಗೆ ಅಂದು ನಾಲ್ಕು ದಿನವಾಗಿತ್ತು. ಅವತ್ತು ಅವರ ಗ್ಯಾರೇಜಿನಲ್ಲಿ ಒಂದು ಬೈಕಿಗೆ ಹೊಸ ಸೈಲೆನ್ಸರ್ ಕೂರಿಸಿದವನು ತಮ್ಮ; ಅಣ್ಣ ಎಂದಿನಂತೆ ಎಂಜಿನ್ನಿಗೆ ಕಿವಿಗೊಟ್ಟು, ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬುರೇಟರ್ ಹೊಂದಿಸಿದ್ದ. ಹೊಗೆ ಅಳೆಯುವ ಮೀಟರ್ ಮಾತ್ರ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದು ತೋರಿಸಿತು. "ನಿನ್ ಕಿವಿ ಹೋಯ್ತು ಅಣ್ಣ, ಇನ್ನು ಮನೇಲಿರು" ಎಂದುಬಿಟ್ಟ ತಮ್ಮ. ಸ್ಕ್ರೂಡ್ರೈವರನ್ನು ಒರೆಸಿಟ್ಟು ಹೊರಟ ಅಣ್ಣ ಮತ್ತೆ ಗ್ಯಾರೇಜಿಗೆ ಕಾಲಿಡಲಿಲ್ಲ.

ಆಮೇಲೆ ತಮ್ಮ ಪೆಟ್ರೋಲ್ ಹೆಚ್ಚಿಸುತ್ತಲೇ ಹೋದ. ಬೈಕು ಕಪ್ಪು ಹೊಗೆ ಕಾರಿತೇ ಹೊರತು ಸರಿಹೋಗಲಿಲ್ಲ. ಇವತ್ತು ಸೈಲೆನ್ಸರ್ ಬಿಚ್ಚಿ ನೋಡಿದವನ ಜೀವ ಹಿಡಿಯಷ್ಟಾಯಿತು. ಎಂಜಿನ್ನಿಗೂ ಸೈಲೆನ್ಸರ್ ಕೊಳವೆಗೂ ನಡುವೆ ಸಂದು ಮುಚ್ಚಲು ಇದ್ದದ್ದು ಹಳೆಯ ಗ್ಯಾಸ್ಕೆಟ್, ಅದೂ ಸೀಳಿಹೋದದ್ದು. ಅವಸರದಲ್ಲಿ ಅದನ್ನೇ ಮತ್ತೆ ಹಾಕಿದವನು ತಾನೇ. ಆ ಸಂದಿನಿಂದ ನುಸುಳಿದ ಹೊರಗಿನ ಗಾಳಿಯನ್ನು ಮೀಟರ್ ಹಿಡಿದಿತ್ತು, ಅಷ್ಟೆ; ಅಣ್ಣ ಹೊಂದಿಸಿದ್ದು ಸರಿಯಾಗಿಯೇ ಇತ್ತು.

ಆ ಸೀಳಿದ ಗ್ಯಾಸ್ಕೆಟನ್ನು ಜೇಬಿಗೆ ಹಾಕಿಕೊಂಡು ಅಣ್ಣನ ಮನೆಗೆ ಹೋದ. ಬಾಗಿಲು ತೆರೆದ ಅತ್ತಿಗೆ, "ಏನಪ್ಪಾ, ಮೀಟರ್ ತರ್ಲಿಲ್ವಾ? ನಿಮ್ಮಣ್ಣನ ಕಿವಿಗೂ ಒಂದ್ಸಲ ಇಟ್ಟು ನೋಡ್ಬಹುದಿತ್ತು" ಎಂದಳು. ಅವನು ತಲೆ ತಗ್ಗಿಸಿ ಒಳಗೆ ಹೋಗಿ ಗ್ಯಾಸ್ಕೆಟನ್ನು ಅಣ್ಣನ ಅಂಗೈಯಲ್ಲಿಟ್ಟ.

"ತಪ್ಪು ನಂದು."

"ಅವತ್ತೇ ಗೊತ್ತಾಯ್ತು ಕಣೋ. ಆ ಸಂದೀಲಿ ಚಿಟ್ ಚಿಟ್ ಅಂತಿತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಅಷ್ಟು ಜನರ ಮುಂದೆ ನಿನ್ ಮಾನ ಕಳೀಲಾ?"

ಅಣ್ಣ ಬೈದಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನು ಅಣ್ಣನ ಕೈ ಹಿಡಿದುಕೊಂಡ. "ನಾಳೆ ಅವರೆಲ್ಲರ ಮುಂದೆ ನಾನೇ ಹೇಳ್ತೀನಿ, ಬಾ ಅಣ್ಣ" ಎಂದ.

"ಹೇಳೋದು ಆಮೇಲೆ. ಮೊದ್ಲು ಹೊಸ ಗ್ಯಾಸ್ಕೆಟ್ ತಂದು ಹಾಕೋಣ ನಡಿ" ಎಂದು ಅಣ್ಣ ಚಪ್ಪಲಿ ಹುಡುಕತೊಡಗಿದ.