ಎರಡು ನಿಮಿಷದ ನಡಾವಳಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೊರಟುಹೋಗಿದ್ದರು. ಸೋಮವಾರ ಬೆಳಿಗ್ಗೆ ಮನೆಯಲ್ಲಿ ಉಳಿದವರು ಮೂವರು: ಅವಳು, ಅತ್ತೆ, ಒಂಬತ್ತು ವರ್ಷದ ಮಗಳು. ಹಾಲು ಬಂತು. ನಲ್ಲಿಯಲ್ಲಿ ನೀರು ಬಂತು. ಗಂಡನ ಹಲ್ಲುಜ್ಜುವ ಬ್ರಷ್ಷು ಉಳಿದ ಮೂರರ ಜೊತೆ ಲೋಟದಲ್ಲಿ ನಿಂತೇ ಇತ್ತು. ಅವಳು ಅದನ್ನು ನೋಡಿದಳು, ತನ್ನದನ್ನು ತೆಗೆದುಕೊಂಡಳು. ಈಗ ಅಳು ಬರಬಹುದೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ. ಹಲ್ಲುಜ್ಜಿದಳು.

"ಇವತ್ತೇ ಸ್ಕೂಲಿಗೆ ಕಳಿಸ್ತೀಯಾ? ಜನ ಏನಂದ್ಕೋತಾರೆ?" ಅತ್ತೆ ಕೇಳಿದರು.

"ಅವಳಿಗೆ ಇವತ್ತು ಸೋಮವಾರ ಅಂತ ಗೊತ್ತು ಅತ್ತೆ. ಕಳಿಸದೇ ಇದ್ರೆ ಮನೇನ ತಲೆ ಮೇಲೆ ಹೊತ್ಕೋತಾಳೆ."

ಅದು ನಿಜ. ಮಗಳು ಆಗಲೇ ನೀಲಿ ಕಾಲುಚೀಲ ಹಾಕಿಕೊಂಡು ಬಾಗಿಲ ಬಳಿ ಕುಳಿತಿದ್ದಳು. ಅವಳ ಲೆಕ್ಕದಲ್ಲಿ ಸೋಮವಾರವೆಂದರೆ ನೀಲಿ ಕಾಲುಚೀಲ, ಮತ್ತು ಶಾಲೆಯ ಹಿಂಬದಿಯ ಎರಡು ಕೋಣೆಗಳ ವಿಶೇಷ ವಿಭಾಗ. ಅಲ್ಲಿ ಇಪ್ಪತ್ತಾರು ಮಕ್ಕಳು, ಇಬ್ಬರು ಟೀಚರು. ಅವರಲ್ಲಿ ಹಿರಿಯ ಟೀಚರು ಇಡೀ ಒಂದು ವರ್ಷ ಕಷ್ಟಪಟ್ಟು ಅವಳಿಗೆ ಕಲಿಸಿದ್ದು ಒಂದೇ ಮಾತು: "ಬೇಡ." ಅದಕ್ಕೆ ಮೊದಲು ಬೇಡದ್ದು ಎದುರಾದರೆ ಮಗಳು ಕಚ್ಚುತ್ತಿದ್ದಳು, ಕಚ್ಚಲು ಯಾರೂ ಸಿಗದಿದ್ದರೆ ತನ್ನ ಕೈಯನ್ನೇ. "ಅಕ್ಷರ ಕಲಿಸೋದು ಬಿಟ್ಟು ಬೇಡ ಅನ್ನೋದು ಕಲಿಸ್ತಾರಂತೆ! ಅದನ್ನ ಮನೇಲೇ ಕಲೀತಿದ್ಲು," ಎಂದು ಆಗ ಅತ್ತೆ ಮೂಗು ಮುರಿದಿದ್ದರು. ಮನೆಯಲ್ಲಿ ಕಲಿತಿರಲಿಲ್ಲ. ಈಗ ಮಗಳ ಕೈಮೇಲಿನ ಹಲ್ಲಿನ ಗುರುತುಗಳು ಮಾಸಿದ್ದವು.

ಆ ವಿಭಾಗವನ್ನು ಮುಚ್ಚುತ್ತಾರೆಂಬ ಸುದ್ದಿ ನಾಲ್ಕು ತಿಂಗಳಿಂದ ಹರಿದಾಡುತ್ತಿತ್ತು. ಅವಳ ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದವನು. ಬೇರೆ ಯಾರೂ ಕೈ ಎತ್ತದ ಕಾರಣ ಪೋಷಕರ ಸಮಿತಿಗೆ ಅಧ್ಯಕ್ಷನಾದವನು. ವಿಭಾಗವನ್ನು ಉಳಿಸಿಕೊಳ್ಳೋಣ ಬನ್ನಿ ಎಂದು ಅವನು ಐದು ಸಲ ಸಭೆ ಕರೆದ. ಅತಿ ಹೆಚ್ಚು ಜನ ಸೇರಿದ ಸಭೆಗೆ ಬಂದವರು ಆರು ಮಂದಿ. ಅದರಲ್ಲಿ ಒಬ್ಬರು ಹಿಂದಿನ ಸಭೆಯಲ್ಲಿ ಮರೆತುಹೋದ ಛತ್ರಿ ಹುಡುಕಿಕೊಂಡು ಬಂದವರು. ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ತಂದೆಯಂತೂ ಪ್ರತಿ ಸಲವೂ "ನೋಡೋಣ" ಎನ್ನುತ್ತಿದ್ದ. ಅವಳೂ ಗಂಡನೂ ತಮ್ಮೊಳಗೇ ಅವನಿಗೆ ಇಟ್ಟ ಹೆಸರೂ ಅದೇ, ನೋಡೋಣ.

ವಿಚಿತ್ರವೆಂದರೆ ಶಿಕ್ಷಣ ಕಚೇರಿಯವರದೂ ಅದೇ ಗೋಳು. ವಿಭಾಗ ಮುಚ್ಚಬೇಕಾದರೆ ಅರ್ಧಕ್ಕಿಂತ ಹೆಚ್ಚು ಪೋಷಕರು ಹಾಜರಿದ್ದ ಸಭೆಯಲ್ಲಿ ವಿಷಯ ಇಡಬೇಕೆಂದು ನಿಯಮವಿತ್ತು. ಅವರು ಮೂರು ಸಲ ಕರೆದರು. ಅಲ್ಲಿಗೂ ಯಾರೂ ಹೋಗಲಿಲ್ಲ. ಹೀಗಾಗಿ ಇಷ್ಟು ದಿನ ವಿಭಾಗವನ್ನು ಕಾಪಾಡಿದ್ದು ಪೋಷಕರ ಸೋಮಾರಿತನವೇ ಎನ್ನಬೇಕು.

ಆ ಸೋಮವಾರ ಶಾಲೆಯ ಗೇಟಿನಲ್ಲಿ ಮುಖ್ಯೋಪಾಧ್ಯಾಯರು ಅವಳಿಗಾಗಿ ಕಾಯುತ್ತಿದ್ದರು.

"ಅಮ್ಮಾ, ಹತ್ತು ಗಂಟೆಗೆ ಒಂದು ಸಂತಾಪ ಸಭೆ ಇಟ್ಕೊಂಡಿದೀವಿ. ಎರಡೇ ನಿಮಿಷ. ನೀವೂ ಇದ್ರೆ ಚೆನ್ನಾಗಿರುತ್ತೆ."

ಸಭಾಂಗಣದ ಬಾಗಿಲಲ್ಲಿ ಶಿಕ್ಷಣ ಕಚೇರಿಯ ಗುಮಾಸ್ತ ಉದ್ದನೆಯ ರಿಜಿಸ್ಟರ್ ಹಿಡಿದು ನಿಂತಿದ್ದ. ಅದಕ್ಕೆ ದಾರದಲ್ಲಿ ಪೆನ್ನು ಕಟ್ಟಿತ್ತು. ಎಲ್ಲರ ಹಾಗೆ ಅವಳೂ ಸಹಿ ಹಾಕಿದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬದುಕಿದ್ದಾಗ ಅವನು ಬೇಡಿಕೊಂಡರೂ ಬಾರದ ಪೋಷಕರು ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಬಸ್ಸಿನ ಡ್ರೈವರ್ ಖಾಕಿ ಅಂಗಿಯಲ್ಲೇ ಬಂದಿದ್ದ. ದರ್ಜಿ ಅಕ್ಕನ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ನೋಡೋಣ ಕೂಡ ಬಂದಿದ್ದ. ಶಿಕ್ಷಣ ಕಚೇರಿಯ ಸಾಹೇಬರು ಏನೋ ಓದಿದರು, ಅವಳ ಕಿವಿಗೆ ಬೀಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಎರಡು ನಿಮಿಷ ನಿಂತರು. ಹೊರಗೆ ಬರುವಾಗ ಒಬ್ಬೊಬ್ಬರೂ ಅವಳ ಬಳಿ ನಿಂತು ಅದೇ ಮಾತು ಹೇಳಿದರು: "ಏನು ಬೇಕಾದ್ರೂ ಕೇಳಮ್ಮ. ಸಂಕೋಚ ಬೇಡ." ಎದೆಯೊಳಗೆ ದುಃಖವಾಗಬೇಕಾದ ಜಾಗದಲ್ಲಿ ಏನೂ ಆಗುತ್ತಿರಲಿಲ್ಲವಾದ್ದರಿಂದ ಅವಳು ಸುಮ್ಮನೆ ಎಣಿಸುತ್ತಾ ನಿಂತಳು. ಇಪ್ಪತ್ಮೂರು ಜನ ಹಾಗೆ ಹೇಳಿದ್ದರು.

ಗಂಡ ಸತ್ತ ಎಂಟನೆಯ ದಿನ ಮಗಳ ಚೀಲದಲ್ಲಿ ಒಂದು ಪತ್ರ ಬಂತು. ಪೋಷಕರ ಸಭೆಯ ಸರ್ವಾನುಮತದ ನಿರ್ಣಯದಂತೆ ತಿಂಗಳ ಕೊನೆಗೆ ವಿಶೇಷ ವಿಭಾಗ ಮುಚ್ಚಲಾಗುವುದು; ಮಕ್ಕಳನ್ನು ಸಾಮಾನ್ಯ ತರಗತಿಗಳಿಗೆ ಹಂಚಲಾಗುವುದು; ಎರಡೂ ಕೋಣೆಗಳನ್ನು ಉಗ್ರಾಣ ಮಾಡಲಾಗುವುದು.

"ಯಾವ ಸಭೆ?" ಎಂದು ಅತ್ತೆ ಕೇಳಿದರು.

ಅವಳಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ಅರ್ಜಿ ಕೊಟ್ಟು ಆ ಸಭೆಯ ನಡಾವಳಿಯ ಪ್ರತಿ ತಂದಳು. ಎರಡು ಹಾಳೆ. ಅಡುಗೆಮನೆಯ ಕಟ್ಟೆಗೆ ಒರಗಿ ಓದಿದಳು. ಏಳು ದಿನ ಮೊದಲೇ ಎಲ್ಲ ಪೋಷಕರಿಗೆ ತಿಳಿವಳಿಕೆ ಪತ್ರ ಕಳಿಸಲಾಗಿತ್ತು. ನಲವತ್ತಮೂರು ಮಂದಿ ಹಾಜರಿದ್ದು ಸಹಿ ಮಾಡಿದ್ದರು. ವಿಷಯ ಒಂದು, ಸಂತಾಪ. ವಿಷಯ ಎರಡು, ವಿಶೇಷ ವಿಭಾಗದ ಮುಕ್ತಾಯ. "ಸಭೆಯು ಎರಡು ನಿಮಿಷ ಮೌನವಾಗಿ ಎದ್ದು ನಿಂತಿತು. ಯಾರಿಂದಲೂ ಆಕ್ಷೇಪಣೆ ಬರಲಿಲ್ಲ." ಕೊನೆಯಲ್ಲಿ: "ಸಮಿತಿಯ ಅಧ್ಯಕ್ಷರು ಸಭೆಯ ಅಧ್ಯಕ್ಷತೆ ವಹಿಸಿದ್ದರು."

ಅವಳು ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಗಂಡನ ಕೆಲಸದ ಚೀಲ ತೆರೆದಳು. ಅವನು ಸತ್ತ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಒಳಗೆ ನೀಲಿ ರಟ್ಟಿನ ದಪ್ಪ ನಿಯಮಪುಸ್ತಕವಿತ್ತು. ಪರಿವಿಡಿ ನೋಡಿ ನೇರವಾಗಿ ತೆರೆದ ಮೂವತ್ತೊಂದನೆಯ ಪುಟದಲ್ಲಿ ಬೇಕಾದದ್ದು ಸಿಕ್ಕಿತು: ಇಂಥ ಸಭೆಗೆ ಏಳು ದಿನದ ತಿಳಿವಳಿಕೆ ಕಡ್ಡಾಯ, ಅಧ್ಯಕ್ಷರ ಹಾಜರಿ ಕಡ್ಡಾಯ, ಇಲ್ಲವಾದರೆ ನಿರ್ಣಯ ಅಸಿಂಧು. ಗುಮಾಸ್ತ ನಿಯಮಕ್ಕೆ ಒಂದಿಷ್ಟೂ ಕುಂದು ಬಾರದಂತೆ ಬರೆದಿದ್ದ.

ಮರುದಿನ ಅವಳು ಶಿಕ್ಷಣ ಕಚೇರಿಗೆ ಹೋದಳು. ಸಾಹೇಬರು ಒಳ್ಳೆಯವರು. ಕುರ್ಚಿ ತೋರಿಸಿದರು, ನೀರು ತರಿಸಿದರು, ಫ್ಯಾನನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ವಿಶೇಷ ಅನ್ನೋ ಪದಾನೇ ಒಂದು ಅವಮಾನ. ಇನ್ಮೇಲೆ ನಿಮ್ಮ ಮಗಳನ್ನ ಎಲ್ಲರ ಹಾಗೆ ಸಾಮಾನ್ಯ ಅಂತಾನೇ ಕರೀತೀವಿ. ನಿಮಗೆ ಸಂತೋಷ ಆಗಬೇಕು."

"ಟೀಚರು ಇರ್ತಾರಾ ಸಾರ್?"

"ಸಾಮಾನ್ಯ ಮಕ್ಕಳಿಗೆ ವಿಶೇಷ ಟೀಚರ್ ಯಾಕಮ್ಮ?"

ಅವಳು ನಡಾವಳಿಯನ್ನು ಮೇಜಿನ ಮೇಲಿಟ್ಟಳು.

"ಸಾರ್, ನನ್ನ ಗಂಡ ಹೋಗಿದ್ದು ಸಭೆಗೆ ಐದು ದಿನ ಮೊದಲು. ಪತ್ರ ಕಳಿಸಿದ್ದು ಏಳು ದಿನ ಮೊದಲು ಅಂತ ಇದೆ. ಅವರು ಬದುಕಿದ್ದಾಗಲೇ ಅವರ ಸಂತಾಪ ಸಭೆಗೆ ಪತ್ರ ಹೋಗಿತ್ತಾ?"

ಸಾಹೇಬರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹೋಗಲಿ ಅಂದ್ರೆ," ಅವಳು ಅದೇ ದನಿಯಲ್ಲಿ ಮುಂದುವರಿಸಿದಳು, "ಆ ಸಭೆಗೆ ಅವರೇ ಅಧ್ಯಕ್ಷತೆ ವಹಿಸಿದ್ರು ಅಂತ ಬರೆದಿದೀರಿ. ಮನೇಲಿ ಅತ್ತೆಗೆ ಏನು ಹೇಳಲಿ?"

ಬಾಗಿಲ ಬಳಿ ನಿಂತಿದ್ದ ಗುಮಾಸ್ತ ಕೆಮ್ಮಿದ.

"ಅದು ರೂಢಿಯ ವಾಕ್ಯ ಕಣಮ್ಮ. ಪ್ರತಿ ನಡಾವಳಿಯಲ್ಲೂ ಇರುತ್ತೆ. ಆ ಸಾಲು ತೆಗೆಸಿಬಿಡ್ತೀನಿ."

"ತೆಗೀರಿ ಸಾರ್. ಆಗ ಅಧ್ಯಕ್ಷರಿಲ್ಲದ ಸಭೆ ಆಗುತ್ತೆ. ಮೂವತ್ತೊಂದನೇ ಪುಟ."

ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಫ್ಯಾನಿನ ಮುಖ ನೋಡಿದ. ಹತ್ತು ದಿನ ಬಿಟ್ಟು ಹೊಸ ಸಭೆ ನಿಗದಿಯಾಯಿತು.

ಹೊಸ ಸಭೆ ಎಂದರೆ ಅಪಾಯವೂ ಹೊಸದೇ. ಅರ್ಧಕ್ಕಿಂತ ಹೆಚ್ಚು ಜನ ಬಂದು ಸುಮ್ಮನೆ ಕುಳಿತುಬಿಟ್ಟರೆ ಈ ಸಲ ನಿರ್ಣಯ ಸರಿಯಾಗಿಯೇ ಆಗಿಬಿಡುತ್ತಿತ್ತು. ಯಾರೂ ಬರಬೇಡಿ ಎನ್ನೋಣವೆಂದರೆ, ಸಾಹೇಬರು ಇನ್ಯಾರದೋ ಸಾವಿಗೆ ಕಾಯುತ್ತಾರೆ. ಬರಬೇಕು, ಬಂದು ಬಾಯಿಬಿಡಬೇಕು. ಅವಳು ಗಂಡನ ಪುಟ್ಟ ವಿಳಾಸಪುಸ್ತಕ ಹಿಡಿದು ಹೊರಟಳು.

ದರ್ಜಿ ಅಕ್ಕ ಮಿಷನ್ನಿನಿಂದ ಕಾಲು ತೆಗೆಯದೆಯೇ ಕೇಳಿದಳು. "ನಾವು ನಿನ್ನ ಗಂಡನಿಗೆ ಅಂತ ನಿಂತ್ಕೊಂಡ್ವಿ ಕಣೇ! ಅದನ್ನ ಹೀಗೆ ಬರ್ಕೊಂಡ್ರಾ?"

"ಹೌದಕ್ಕ. ನಾನೂ ನಿಂತಿದ್ದೆ, ಸಹಿನೂ ಹಾಕಿದೀನಿ."

"ಅವರ ಕೈಗೆ ಕತ್ತರಿ ಕೊಡಬಾರದಿತ್ತು ನೋಡು," ಎಂದು ಅಕ್ಕ ಹಲ್ಲಿನಿಂದ ದಾರ ಕಡಿದಳು. "ಬರ್ತೀನಿ. ಆದ್ರೆ ಸಾಹೇಬರ ಮುಂದೆ ಮಾತಾಡು ಅಂದ್ರೆ ನನ್ನ ನಾಲಿಗೆ ಬಿದ್ದೇ ಹೋಗುತ್ತೆ."

"ಜಾಸ್ತಿ ಏನೂ ಬೇಡಕ್ಕ. ಒಂದೇ ಮಾತು ಸಾಕು. ಮಕ್ಕಳಿಗೆ ಕಲಿಸ್ತಾರಲ್ಲ, ಅದು."

ನೋಡೋಣನ ಮನೆಯಲ್ಲಿ ಅವನ ಮಗ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ನಿಂತಿದ್ದ. ನೋಡೋಣ ಎಲ್ಲ ಕೇಳಿಸಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಅಣ್ಣಾ, ಆ ದಿನ ನೀವು ಏನು ಬೇಕಾದ್ರೂ ಕೇಳಮ್ಮ ಅಂದಿದ್ರಿ."

"ಅಂದಿದ್ದೆ."

"ಅದಕ್ಕೇ ಕೇಳ್ತಾ ಇದೀನಿ."

ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ಅಕ್ಕಿಬೇಳೆ ಏನಾದ್ರೂ ಕೇಳ್ತೀರೇನೋ ಅಂದ್ಕೊಂಡಿದ್ದೆ," ಎಂದ. ಆಮೇಲೆ ಎಂದಿನ ಮಾತೂ ಬಂತು: "ನೋಡೋಣ."

ಆ ಇಪ್ಪತ್ಮೂರು ಮನೆಗಳನ್ನೂ ಅವಳು ಹೊಕ್ಕಳು. ಯಾರೂ ಇಲ್ಲ ಎನ್ನಲಿಲ್ಲ. ಗಂಡ ಸತ್ತು ತಿಂಗಳೂ ತುಂಬದ ಹೆಂಗಸು ಹೊಸ್ತಿಲಲ್ಲಿ ನಿಂತಾಗ ಇಲ್ಲ ಎನ್ನುವುದು ಕಷ್ಟ. ಅವನು ನಾಲ್ಕು ತಿಂಗಳು ವಾದ ಮಾಡಿ ಗಳಿಸಲಾಗದ್ದನ್ನು ಅವಳು ಬರೀ ಹೋಗಿ ನಿಂತು ಪಡೆಯುತ್ತಿದ್ದಳು. ಇದನ್ನು ಅವನಿಗೆ ಹೇಳಿದ್ದರೆ ನಗುತ್ತಿದ್ದ, ಆಮೇಲೆ ಸ್ವಲ್ಪ ಮುನಿಸಿಕೊಳ್ಳುತ್ತಿದ್ದ.

ಸಭೆಯ ದಿನ ಮೂವತ್ತೊಂದು ಜನ ಬಂದರು. ಸಾಹೇಬರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಮೊದಲಿಗೆ, ನಮ್ಮನ್ನಗಲಿದ ಅಧ್ಯಕ್ಷರ ಗೌರವಾರ್ಥ ಎರಡು ನಿಮಿಷ ಮೌನ..."

ಅಭ್ಯಾಸಬಲದಿಂದ ಕುರ್ಚಿಗಳು ಕಿರುಗುಟ್ಟಿದವು. ಅರ್ಧ ಜನ ಆಗಲೇ ಎದ್ದಿದ್ದರು. ಅವಳು ಕುಳಿತೇ ಇದ್ದಳು.

"ಬೇಡ ಸಾರ್. ಅವರಿಗೆ ಒಂದ್ಸಲ ಆಗಿದೆ."

"ಒಂದ್ಸಲಕ್ಕೇ ಎರಡು ಕೋಣೆ ಹೋಯ್ತು," ಡ್ರೈವರ್ ಹಿಂದಿನಿಂದ ಹೇಳಿದ. "ಇನ್ನೊಂದ್ಸಲ ನಿಂತ್ರೆ ಇಡೀ ಸ್ಕೂಲೇ ಹೋದೀತು."

ನಗು ಬಂತು, ಎದ್ದವರು ಕುಳಿತರು. ಖಾಲಿ ಅಧ್ಯಕ್ಷ ಸ್ಥಾನಕ್ಕೆ ದರ್ಜಿ ಅಕ್ಕ ಅವಳತ್ತ ಬೆರಳು ತೋರಿಸಿದಳು; ಬೇರೆ ಯಾರೂ ಕೈ ಎತ್ತದ ಕಾರಣ ಅವಳೂ ಅಧ್ಯಕ್ಷೆಯಾದಳು. ಸಾಹೇಬರು ವಿಷಯ ಓದಿದರು. "ಆಕ್ಷೇಪಣೆ ಇದ್ದವರು ಹೇಳಬಹುದು."

ಯಾರೂ ಹೇಳಲಿಲ್ಲ.

ಮನೆಯಲ್ಲಿ ಹೂಂ ಎಂದವರೆಲ್ಲ ನೆಲ ನೋಡುತ್ತಿದ್ದರು. ದರ್ಜಿ ಅಕ್ಕನ ನಾಲಿಗೆ ನಿಜವಾಗಿಯೂ ಬಿದ್ದುಹೋದ ಹಾಗಿತ್ತು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ. ಅವನು ಬರೆಯಲಿರುವ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಮೂರು ವಾರಗಳಲ್ಲಿ ಮೊದಲ ಸಲ ಅವಳಿಗೆ ಏನೋ ಆಗುತ್ತಿತ್ತು. ಅದು ಭಯ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮೂರನೆಯ ಸಾಲಿನಲ್ಲಿ ನೋಡೋಣ ಎದ್ದು ನಿಂತ.

"ನೋ..." ಎಂದ. ಎಲ್ಲರಿಗೂ ಮುಂದಿನದು ಗೊತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ನೋಡಿ ಸಾರ್, ಬೇಡ."

"ಏನು ಬೇಡ?"

"ಮುಚ್ಚೋದು ಬೇಡ. ನನ್ನ ಮಗ ಮೊದಲು ತಲೇನ ಗೋಡೆಗೆ ಚಚ್ಕೋತಿದ್ದ. ಈಗ ಇಲ್ಲ. ಅದಕ್ಕೇ ಬೇಡ." ಅಷ್ಟು ಹೇಳಿ ಅವನು ಕುಳಿತ, ಬೆವರು ಒರೆಸಿಕೊಂಡ.

"ನನಗೂ ಬೇಡ," ಎಂದಳು ದರ್ಜಿ ಅಕ್ಕ. "ಬೇಡ," ಎಂದ ಡ್ರೈವರ್. ಆಮೇಲೆ ಎಲ್ಲರೂ ಒಟ್ಟಿಗೆ ಶುರುಮಾಡಿದರು.

"ಒಬ್ಬೊಬ್ಬರಾಗಿ ಹೇಳಿ," ಎಂದಳು ಹೊಸ ಅಧ್ಯಕ್ಷೆ. "ಬರ್ಕೊಳ್ಳೋರಿಗೆ ಕಷ್ಟ ಆಗುತ್ತೆ."

ಗುಮಾಸ್ತ ಮೂವತ್ತೊಂದು ಸಲ "ಬೇಡ" ಎಂದು ಬರೆದ. ಹಿರಿಯ ಟೀಚರು ವರ್ಷವಿಡೀ ಕಲಿಸುವ ಪಾಠ ಪೋಷಕರಿಗೆ ಒಂದು ಮಧ್ಯಾಹ್ನದಲ್ಲಿ ಬಂದಿತ್ತು.

ನಾಲ್ಕು ದಿನಕ್ಕೆ ಆದೇಶ ಬಂತು. ವಿಭಾಗವು ಮುಂದಿನ ಆದೇಶದವರೆಗೆ ಮುಂದುವರಿಯುವುದು. ಮುಂದಿನ ಆದೇಶ ಎಂದರೇನೆಂದು ಅವಳಿಗೆ ಗೊತ್ತಿತ್ತು. ಆದರೂ ಟೀಚರಿಬ್ಬರೂ ಇದ್ದರು, ಕೋಣೆಗಳಿದ್ದವು. ಆದೇಶದ ಪ್ರತಿಗೆ ಸಹಿ ಹಾಕಲು ಹೋದಾಗ ಗುಮಾಸ್ತ ತಲೆ ಕೆರೆದುಕೊಂಡ.

"ಮೇಡಂ, ಹೇಗೆ ಕೇಳೋದೋ ಗೊತ್ತಾಗ್ತಿಲ್ಲ. ಆ ನೀಲಿ ಪುಸ್ತಕ ಆಫೀಸಿಂದು. ನಿಮ್ಮ ಯಜಮಾನ್ರು ಎರಡು ದಿನಕ್ಕೆ ಅಂತ ತಗೊಂಡು ಹೋಗಿದ್ರು. ನಮ್ಮ ಹತ್ರ ಇದ್ದಿದ್ದು ಅದೊಂದೇ. ಸಾಹೇಬರು ಈಗ ಓದಬೇಕು ಅಂತಿದಾರೆ."

ಮರುದಿನ ಅವಳು ಪುಸ್ತಕ ತಂದಳು. ಗುಮಾಸ್ತ ಈಚೆಗೆ ಬಹಳ ಎಚ್ಚರಿಕೆಯ ಮನುಷ್ಯನಾಗಿದ್ದ. ಪುಟ ಹರಿದಿದೆಯೇ ಎಂದು ಒಂದೊಂದೇ ತಿರುವಿದ. ತಿರುವುತ್ತಾ ಅವನ ಹುಬ್ಬು ಮೇಲೇರಿತು.

"ಅಯ್ಯೋ, ಇದೇನು ಮೇಡಂ? ಸರ್ಕಾರದ ಪುಸ್ತಕಾನೇ ತಿದ್ದಿಬಿಟ್ಟಿದಾರೆ!"

ಅಂಚಿನಲ್ಲಿ ಗಂಡನ ಕೆಂಪು ಶಾಯಿ. ಒತ್ತಕ್ಷರ ತಪ್ಪಿದ ಕಡೆ ಒಂದು ಗೆರೆ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದ ಕಡೆ ಒಂದು ಸುತ್ತು. ಒಂದು ನಿಯಮದ ಪಕ್ಕದಲ್ಲಿ, "ಕ್ರಿಯಾಪದ ಎಲ್ಲಿ?" ಅವಳು ಮೂವತ್ತೊಂದನೆಯ ಪುಟವೊಂದನ್ನೇ ಓದಿದ್ದಳು, ಅಲ್ಲಿ ಅವನಿಗೆ ತಪ್ಪು ಸಿಕ್ಕಿರಲಿಲ್ಲ.

"ಅವರ ಕೈ ಸುಮ್ಮನಿರ್ತಿರಲಿಲ್ಲ," ಎಂದಳು.

ಗುಮಾಸ್ತ ತಿರುವುತ್ತಲೇ ಇದ್ದ. ನಲವತ್ತೇಳನೆಯ ಪುಟದ ನಡುವೆ ಒಂದು ಪದಕ್ಕೆ ಸುತ್ತು ಹಾಕಿತ್ತು, ಸರಿಯಾದ ಪದ ಬರೆದಿರಲಿಲ್ಲ. ಅಲ್ಲಿಂದಾಚೆ ಕೆಂಪು ಇರಲಿಲ್ಲ. ನಲವತ್ತೆಂಟು, ನಲವತ್ತೊಂಬತ್ತು, ಐವತ್ತು, ಅಂಚುಗಳು ಬೆಳ್ಳಗಿದ್ದವು.

"ಸದ್ಯ," ಗುಮಾಸ್ತ ನಿಟ್ಟುಸಿರು ಬಿಟ್ಟ. "ಇಲ್ಲಿಂದ ಮುಂದೆ ತಪ್ಪಿಲ್ಲ ಅಂತ ಕಾಣುತ್ತೆ."

ಗುಮಾಸ್ತ ತಲೆ ಎತ್ತಿ ನೋಡಿದವನು ಗಾಬರಿಯಾಗಿ ಎದ್ದು ನಿಂತ. ಕುರ್ಚಿ ಎಳೆದು ಕೊಟ್ಟ, ಫ್ಯಾನು ತಿರುಗಿಸಿದ. ಅವಳು ಕೂರಲಿಲ್ಲ. ಕಣ್ಣಿನಿಂದ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳದೆ, ಪುಸ್ತಕ ಪಡೆದವರ ರಿಜಿಸ್ಟರಿನಲ್ಲಿ ಗಂಡನ ಸಹಿಯ ಎದುರು, ವಾಪಸಾತಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ತನ್ನ ಸಹಿ ಹಾಕಿ, ನೀಲಿ ಪುಸ್ತಕವನ್ನು ಮುಚ್ಚಿ ಅವನ ಕಡೆಗೆ ಸರಿಸಿದಳು.